ನೂರಾ ನಲವತ್ತೇಳನೇ ಮೊಳೆ

ನಾನು ಒಂದು ಹಿತ್ತಾಳೆ ಬಿಲ್ಲೆ. ಮನುಷ್ಯರ ಮಾತನ್ನು ಮನುಷ್ಯರೇ ನಂಬದ ಕಾರಣಕ್ಕೆ ಹುಟ್ಟಿದೆ.

ನನ್ನನ್ನು ತಗಡಿನಿಂದ ಕತ್ತರಿಸಿದವನು ಒಬ್ಬ ಮುದುಕ. ಹಳೆಯ ಕೊಡ, ತೂತುಬಿದ್ದ ತಂಬಿಗೆ, ಬಿರುಕುಬಿಟ್ಟ ಗಂಟೆ ಎಲ್ಲವನ್ನೂ ಕರಗಿಸಿ ಮಾಡಿದ ತಗಡು ಅದು. ಯಾರ ಮನೆಯ ಕೊಡ ನನ್ನೊಳಗಿದೆಯೋ ನನಗೆ ತಿಳಿಯದು. ಅವರು ಅದನ್ನು ಮನಸಾರೆ ಕೊಟ್ಟರೋ, ಅವರ ಕೈಯಿಂದ ಯಾರಾದರೂ ಕಸಿದರೋ ಎಂಬ ಅನುಮಾನ ನನಗೆ ಮೊದಲ ದಿನದಿಂದಲೂ ಇದೆ. ಮುದುಕ ನನ್ನ ನೆತ್ತಿಗೆ ಒಂದು ತೂತು ಕೊರೆದ, ಎದೆಯ ಮೇಲೆ ಸುತ್ತಿಗೆಯಿಂದ ೧೪೭ ಎಂದು ಹೊಡೆದ. ಏಳು ಸ್ವಲ್ಪ ಸೊಟ್ಟಗಾಯಿತು. ಆಮೇಲೆ ಬೊಗ್ಗುಲವಾಡದ ಕಲ್ಲಿದ್ದಲ ಗಣಿಗೆ ಗೋಣಿಚೀಲದಲ್ಲಿ ಬಂದೆ.

ಬೊಗ್ಗುಲವಾಡ ತೆಲುಗಿನವರ ಊರು. ಆದರೆ ಅಲ್ಲಿ ಕಲಬುರಗಿ ಲೈನು ಅಂತ ಒಂದು ಸಾಲು ಮನೆಗಳಿದ್ದವು. ಕಲ್ಲಿದ್ದಲು ಅಗೆಯಲು ಕಲಬುರಗಿ ಕಡೆಯಿಂದ ರೈಲು ಹತ್ತಿ ಬಂದವರು ಎರಡು ತಲೆಮಾರಿನಿಂದ ಅಲ್ಲಿದ್ದರು. ಬೀದಿಯಲ್ಲಿ ತೆಲುಗು, ಗಣಿಯಲ್ಲಿ ಹಿಂದಿ, ಒಲೆಯ ಮುಂದೆ ಕನ್ನಡ. ನನ್ನ ಬದುಕಿನಲ್ಲಿ ಬಂದ ಮುಖ್ಯ ಜನರೆಲ್ಲ ಆ ಲೈನಿನವರೇ.

ನನ್ನ ಕೆಲಸ ಬಹಳ ಸರಳ. ಗಣಿಗೆ ಇಳಿಯುವ ಮುಂಚೆ ಕೆಲಸಗಾರ ಹಾಜರಿ ಕಿಟಕಿಯಲ್ಲಿ ತನ್ನ ಬಿಲ್ಲೆ ಕೊಡಬೇಕು. ಕಿಟಕಿಯ ಹಿಂದಿನ ಹಲಗೆಯಲ್ಲಿ ಅವನ ನಂಬರಿನ ಮೊಳೆಗೆ ಅದನ್ನು ಹಾಕುತ್ತಾರೆ. ಪಾಳಿ ಮುಗಿಸಿ ಮೇಲೆ ಬಂದಾಗ ವಾಪಸು ಇಸಿದುಕೊಳ್ಳಬೇಕು. ಮೊಳೆಯ ಮೇಲೆ ಬಿಲ್ಲೆ ಇದ್ದರೆ ಮನುಷ್ಯ ನೆಲದ ಒಳಗಿದ್ದಾನೆ. ಮೊಳೆ ಖಾಲಿ ಇದ್ದರೆ ಅವನು ಹೊರಗೆ ಬಂದಿದ್ದಾನೆ. ಅವಘಡವಾದಾಗ ಮೇಲಧಿಕಾರಿಗಳು ಯಾರನ್ನೂ ಕೇಳುವುದಿಲ್ಲ, ಹಲಗೆಯನ್ನು ನೋಡುತ್ತಾರೆ.

ನಾನು ಒಂದು ದಿನವೂ ಗಣಿಗೆ ಇಳಿದವನಲ್ಲ. ಕಿಟಕಿಯ ಹಿಂದೆ ಕೂರುತ್ತಿದ್ದ ಜಗದೇವಿಯೂ ಇಳಿದವಳಲ್ಲ. ಹೆಂಗಸರು ಒಳಗೆ ಹೋಗುವಂತಿರಲಿಲ್ಲ. ಅಪ್ಪನ ಎದೆಗೂಡು ಧೂಳು ತುಂಬಿ ಹಾಳಾದ ಮೇಲೆ ಅವನ ನೌಕರಿಯ ಬದಲು ಅವಳಿಗೆ ಆ ಸ್ಟೂಲು ಸಿಕ್ಕಿತ್ತು. ಅವಳ ಹಿಂದೆ ಮೂವರು ತಂಗಿಯರಿದ್ದರು. ಮೂವರ ಮದುವೆಯನ್ನೂ ಆ ಸ್ಟೂಲಿನ ಮೇಲೆ ಕೂತೇ ಮುಗಿಸಿದಳು, ತನ್ನದು ಮಾತ್ರ ಆಗಲಿಲ್ಲ. ನಾವಿಬ್ಬರೂ ದಿನವಿಡೀ ಒಂದೇ ಕೆಲಸ ಮಾಡುತ್ತಿದ್ದೆವು. ಯಾರೋ ಕೆಳಗಿಳಿದಿದ್ದಾರೆ, ಅವರು ಬರುವತನಕ ನೇತಾಡುವುದು.

ನನ್ನ ಯಜಮಾನ ಸಾಯಬಣ್ಣ. ಅವನು ನನ್ನನ್ನು ಕಿಟಕಿಯ ಕಟ್ಟೆಗೆ ಮೂರು ಸಲ ಬಡಿದು ಆಮೇಲೆ ಒಳಗೆ ಸರಿಸುತ್ತಿದ್ದ. ಹಸ್ತ ಸದಾ ಬೆಚ್ಚಗಿರುತ್ತಿತ್ತು. ಮಾತಿಗೆ ಬರವಿಲ್ಲದ ಮನುಷ್ಯ. ಒಂದು ದಿನ ಅವನ ಹೆಂಡತಿ ಚಂದಮ್ಮ ಬುತ್ತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಾಗಲೂ ಬಾಯಿ ಬಿಗಿಹಿಡಿಯಲಿಲ್ಲ.

"ಜಗದೇವಕ್ಕಾ, ನನ್ನ ಹೇಣ್ತಿಗಿಂತ ನೀನೇ ನನ್ನ ದಾರಿ ಹೆಚ್ಚು ಕಾಯ್ತಿ ನೋಡು."

ಜಗದೇವಿ ನಕ್ಕಳು. ಚಂದಮ್ಮ ನಗಲಿಲ್ಲ. ಮೊಳೆಯ ಮೇಲಿನಿಂದ ನಾನು ಇಬ್ಬರ ಮುಖವನ್ನೂ ನೋಡಿದೆ. ಆ ದಿನ ಚಂದಮ್ಮನ ಕಣ್ಣಿನಲ್ಲಿ ಒಂದು ಮುಳ್ಳು ಮುರಿದು ಉಳಿಯಿತು. ಅದು ಮುಂದೆ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕೆಲಸಗಾರರಲ್ಲಿ ಒಂದು ರೂಢಿ ಇತ್ತು. ನಾಲ್ಕು ಜನ ಒಂದು ತಂಡವಾಗಿ ಕೆಲಸ ಮಾಡುತ್ತಿದ್ದರು. ಪಾಳಿ ಬಿಟ್ಟಾಗ ಕಿಟಕಿಯ ಮುಂದೆ ದೊಡ್ಡ ಸಾಲು. ಹಾಗಾಗಿ ನಾಲ್ವರಲ್ಲಿ ಮೊದಲು ಬಂದವನು ಉಳಿದವರ ಬಿಲ್ಲೆಗಳನ್ನೂ ತಾನೇ ಇಸಿದುಕೊಳ್ಳುತ್ತಿದ್ದ. ಇದು ನಿಯಮಕ್ಕೆ ವಿರುದ್ಧ. ಆದರೆ ಕಿಟಕಿಯಲ್ಲಿ ಕೂತವರೆಲ್ಲ ಕೊಡುತ್ತಿದ್ದರು. ಕೊಡದಿದ್ದರೆ ಮುಖ ಕೆಡುತ್ತಿತ್ತು, ಲೈನಿನಲ್ಲಿ ನೀರು ತರುವಾಗ ಮಾತು ಕೇಳಬೇಕಾಗುತ್ತಿತ್ತು. ನನಗೆ ಆ ರೂಢಿ ಎಂದೂ ಹಿಡಿಸಲಿಲ್ಲ. ಬೇರೆ ಕೈಗೆ ಹೋದಾಗಲೆಲ್ಲ ನಾನು ಸುಳ್ಳು ಹೇಳುತ್ತಿರುವಂತೆ ಅನಿಸುತ್ತಿತ್ತು.

ಅದು ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ವಾರ. ಬೆಳಗಿನ ಪಾಳಿ ಬಿಟ್ಟಾಗ ಲಾಲಪ್ಪ ಎನ್ನುವವನು ಕಿಟಕಿಗೆ ಬಂದ. ಸಾಯಬಣ್ಣನ ತಂಡದಲ್ಲಿ ಕೆಲಸ ಮಾಡುವವನು. ತನ್ನ ಬಿಲ್ಲೆ ಕೇಳಿ, ನೂರಾ ನಲವತ್ತೇಳನ್ನೂ ಕೊಡು ಎಂದ. ಜಗದೇವಿ ಅವನ ಹಿಂದೆ ಇಣುಕಿದಳು.

"ಸಾಯಬಣ್ಣ ಎಲ್ಲಿ?"

"ಬರ್ಲಕತ್ತಾನ. ನನ್ನ ಹಿಂದೇ ಇದ್ದ."

ಅವಳು ನನ್ನನ್ನು ಮೊಳೆಯಿಂದ ತೆಗೆದು ಕೊಟ್ಟಳು. ಲಾಲಪ್ಪನ ಅಂಗೈ ತಣ್ಣಗಿತ್ತು, ಒದ್ದೆಯಾಗಿತ್ತು. ಅವನು ಸುಳ್ಳು ಹೇಳಿರಲಿಲ್ಲ. ಸಾಯಬಣ್ಣ ಹಿಂದೆಯೇ ಇದ್ದ. ಆದರೆ ಮರೆತ ಸಲಿಕೆ ತರಲೆಂದೋ ಏನೋ ಅರ್ಧದಾರಿಯಿಂದ ಹಿಂತಿರುಗಿರಬೇಕು. ಅದು ಲಾಲಪ್ಪನಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ನೆಲ ಒಮ್ಮೆ ನಡುಗಿತು. ಸಾಯಬಣ್ಣನ ತಂಡ ಕೆಲಸ ಮಾಡುತ್ತಿದ್ದ ಪಡುವಣ ಸುರಂಗದ ಚಾವಣಿ ಕುಸಿದಿತ್ತು. ಸೈರನ್ ಕೂಗಿತು. ಮ್ಯಾನೇಜರು ಓಡಿಬಂದು ಕಿಟಕಿಯಲ್ಲಿ ತಲೆಹಾಕಿ ಎಲ್ಲರೂ ಬಂದರೇ ಎಂದು ಕೇಳಿದ. ಜಗದೇವಿ ಹಲಗೆಯನ್ನು ನೋಡಿದಳು. ಮುಂದಿನ ಪಾಳಿಯವರು ಇನ್ನೂ ಇಳಿದಿರಲಿಲ್ಲ, ಒಂದು ಮೊಳೆಯ ಮೇಲೂ ಬಿಲ್ಲೆ ಇರಲಿಲ್ಲ. ಎಲ್ಲರೂ ಬಂದಿದ್ದಾರೆ ಎಂದಳು. ಅವಳಿಗೆ ಅದು ನಿಜವೆಂದೇ ಅನಿಸಿತ್ತು. ಆ ಹೊತ್ತಿಗೆ ನಾನು ಲಾಲಪ್ಪನ ಜೇಬಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ, ಚಹಾ ಕುಡಿಯುವವರ ನಡುವೆ ಇದ್ದೆ.

ಮರುದಿನ ಬೆಳಗ್ಗೆ ಚಂದಮ್ಮ ನಾಲ್ಕು ವರ್ಷದ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಗಣಿಯ ಬಾಗಿಲಿಗೆ ಬಂದಳು. ಗಂಡ ಮನೆಗೆ ಬಂದಿರಲಿಲ್ಲ. ರಾತ್ರಿಯಿಡೀ ಅವನು ಯಾವ ಹೋಟೆಲಿನಲ್ಲಿ, ಯಾರ ಮನೆಯಲ್ಲಿ ಎಂದು ಸಿಟ್ಟಿನಿಂದ ಕಾಯ್ದು, ಬೆಳಗಾದ ಮೇಲೆ ಹೆದರಿದ್ದಳು. ಅಷ್ಟರಲ್ಲಿ ಪಡುವಣ ಸುರಂಗಕ್ಕೆ ಹಳೆಯ ಗಣಿಯ ನೀರು ನುಗ್ಗಿ ತುಂಬಿತ್ತು. ಅದರ ಬಾಯಿಗೆ ಇಟ್ಟಿಗೆ ಕಟ್ಟುವ ಕೆಲಸ ಶುರುವಾಗಿತ್ತು. ಹಲಗೆ ನೋಡಿ ಎಂದರು ಅಧಿಕಾರಿಗಳು. ನಿನ್ನ ಗಂಡ ಬಿಲ್ಲೆ ಇಸಿದುಕೊಂಡು ಹೋಗಿದ್ದಾನೆ ಎಂದರು.

ಆ ಗದ್ದಲದ ನಡುವೆ ಲಾಲಪ್ಪ ಕಿಟಕಿಗೆ ಬಂದ. ನನ್ನನ್ನು ಜಗದೇವಿಯ ಕೈಗೆ ತುರುಕಿದ.

"ನಾ ಇಸ್ಕೊಂಡಿಲ್ಲ. ನೀ ಕೊಟ್ಟಿಲ್ಲ."

ಅಷ್ಟೇ ಮಾತು. ತಿಂಗಳೊಳಗೆ ಅವನು ಕೆಲಸ ಬಿಟ್ಟು ಹೋದ. ಎಲ್ಲಿಗೆ ಹೋದನೋ, ಯಾರೂ ಕೇಳಲಿಲ್ಲ.

ಜಗದೇವಿ ನನ್ನನ್ನು ತನ್ನ ಎಲೆಯಡಿಕೆಯ ಸಂಚಿಯೊಳಗೆ ಹಾಕಿದಳು. ಅವಳು ಆಗಲೇ ಎದ್ದು ಮ್ಯಾನೇಜರನ ಕೋಣೆಗೆ ಹೋಗಬಹುದಿತ್ತು. ಎರಡು ಸಲ ಎದ್ದಳು. ಎರಡು ಸಲವೂ ಕೂತಳು. ನೀರು ತುಂಬಿದೆ, ಇನ್ನು ಹೇಳಿ ಏನು ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡಿರಬಹುದು. ಕೊನೆಯ ತಂಗಿಯ ನಿಶ್ಚಯವಾಗಿತ್ತು, ಅದೂ ನೆನಪಾಗಿರಬಹುದು. ಮನುಷ್ಯರು ತಮಗೆ ತಾವು ಹೇಳಿಕೊಳ್ಳುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಅವಳದನ್ನೂ ನಂಬಲಿಲ್ಲ.

ಕಾಗದದಲ್ಲಿ ಸಾಯಬಣ್ಣ ಓಡಿಹೋದವನಾದ. ತಲೆಯ ದೀಪವೂ ವಾಪಸು ಬಂದಿರಲಿಲ್ಲವಲ್ಲ, ಅದನ್ನೂ ಕದ್ದೊಯ್ದ ಎಂದು ಬರೆದರು. ಓಡಿಹೋದವನ ಹೆಂಡತಿಗೆ ನೌಕರಿ ಇಲ್ಲ, ಪರಿಹಾರವೂ ಇಲ್ಲ. ಚಂದಮ್ಮ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಮಾರ್ಕೆಟ್ಟಿನಲ್ಲಿ ಚೆಂದದ ಸೀರೆಯುಟ್ಟ ಹೆಂಗಸು ಎದುರಾದರೆ ನಿಂತು ಅವಳ ಕೊರಳಿನಿಂದ ಕಾಲುಂಗುರದತನಕ ನೋಡುತ್ತಿದ್ದಳು. ಗಂಡನನ್ನು ಒಲಿಸಿಕೊಂಡು ಹೋದವಳು ಇವಳೇ ಇರಬಹುದೇ? ಒಂದು ಸಂಜೆ ನಲ್ಲಿಯ ಹತ್ತಿರ ಜಗದೇವಿಯ ಸೆರಗು ಹಿಡಿದಳು.

"ಅಂವ ಎಲ್ಲಿ ಅದಾನಂತ ನಿಂಗ ಗೊತ್ತದ. ನಿನ್ನ ಮಾರೀನೇ ಹೇಳ್ತದ."

ಸುತ್ತಲಿನ ಹೆಂಗಸರು ಅವಳನ್ನು ಸಮಾಧಾನ ಮಾಡಿ ಕರೆದುಕೊಂಡು ಹೋದರು. ಪಾಪ, ತಲೆ ಕೆಟ್ಟಿದೆ ಎಂದರು. ಇಡೀ ಬೊಗ್ಗುಲವಾಡದಲ್ಲಿ ಅವಳೊಬ್ಬಳ ಅನುಮಾನವೇ ಸರಿಯಾದ ಬಾಗಿಲು ತಟ್ಟಿತ್ತು. ಬಾಗಿಲು ಹಿಡಿದವಳಿಗೂ ನನಗೂ ಮಾತ್ರ ಅದು ಗೊತ್ತಿತ್ತು.

ಆಮೇಲಿನ ವರ್ಷಗಳನ್ನು ನಾನು ಸಂಚಿಯ ಕತ್ತಲಲ್ಲಿ ಕಳೆದೆ. ಅಡಿಕೆ ಹೋಳುಗಳ ಜೊತೆ, ಸುಣ್ಣದ ಡಬ್ಬಿಯ ಪಕ್ಕ. ಸುಣ್ಣ ತಾಗಿ ನನ್ನ ಮೈಗೆ ಬಿಳಿ ಕಲೆ, ಹಸಿರು ಕಿಲುಬು. ಅವಳು ಅಡಿಕೆಗೆ ಬೆರಳು ಹಾಕಿದಾಗಲೆಲ್ಲ ನನ್ನನ್ನು ಮುಟ್ಟುತ್ತಿದ್ದಳು. ಕಿಟಕಿಯಲ್ಲಿ ಅವಳು ಬೇರೆಯೇ ಹೆಂಗಸಾದಳು. ಯಾರ ಬಿಲ್ಲೆಯನ್ನೂ ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮುಂದೆ ಬಾ, ಮುಖ ತೋರಿಸು ಎನ್ನುತ್ತಿದ್ದಳು. ಕೆಲಸಗಾರರು ಅವಳಿಗೆ ಪೊಲೀಸಮ್ಮ ಎಂದು ಹೆಸರಿಟ್ಟರು. ಮನೆಯಲ್ಲಿಯೂ ಅಷ್ಟೇ. ಬಾಗಿಲ ಚಿಲಕ ಮೂರು ಸಲ ನೋಡುತ್ತಿದ್ದಳು, ಹಾಲಿನವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುತ್ತಿದ್ದಳು. ಅವಳ ಅನುಮಾನವೆಲ್ಲ ಹೊರಗಿನವರ ಮೇಲೆ ಎಂದು ಜನ ಅಂದುಕೊಂಡಿದ್ದರು.

ಚಂದಮ್ಮನ ಮಗಳು ಮಹಾನಂದಾ ಬೆಳೆದಳು. ಎಲ್ಲರೂ ಕರೆಯುತ್ತಿದ್ದುದು ನಂದಾ. ಅವಳಿಗೆ ಹದಿನೈದಾಗಿದ್ದಾಗ ಚಂದಮ್ಮ ಕಾಮಾಲೆಯಾಗಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಮಂಚವನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡಿದ್ದಳಂತೆ. ಆಮೇಲೆ ಜಗದೇವಿ ದಿನವೂ ಒಂದು ತಾಟು ಊಟ ಮುಚ್ಚಿಕೊಂಡು ಹೋಗಿ ಹುಡುಗಿಯ ಮುಂದೆ ಇಡುತ್ತಿದ್ದಳು. ನಂದಾ ಉಣ್ಣುತ್ತಿದ್ದಳು, ಆದರೆ ಉಣ್ಣುತ್ತಾ ಕಣ್ಣೆತ್ತಿ ನೋಡುತ್ತಿದ್ದಳು.

"ಅತ್ತಿ, ನಂಗ್ಯಾಕ ಇಷ್ಟು ಮಾಡ್ತಿ?"

ಪಕ್ಕದ ಮನೆಯವಳಲ್ಲವೇ ಎನ್ನುತ್ತಿದ್ದಳು ಜಗದೇವಿ. ತಾಯಿಯ ಕಣ್ಣು ಮಗಳಿಗೆ ಬಂದಿದೆ ಎಂದು ನನಗೆ ಆಗಲೇ ಅನಿಸಿತ್ತು.

ಕೆಲವು ವರ್ಷಗಳಿಗೆ ಗಣಿ ಮುಚ್ಚಿತು. ಹಳಿ, ಬಕೆಟ್ಟು, ಪಂಪು ಎಲ್ಲ ಗುಜರಿಗೆ ಹೋದವು. ನನ್ನ ಜೊತೆಯ ಬಿಲ್ಲೆಗಳೂ ಹೋದವು. ಗಣಿಯ ಮಣ್ಣು ಸುರಿದು ಸುರಿದು ಎದ್ದಿದ್ದ ಕರಿಯ ದಿಬ್ಬಗಳ ಮೇಲೆ ಮೊದಲು ಹುಲ್ಲು ಬಂತು, ಆಮೇಲೆ ಸುಬಾಬುಲ್ ಗಿಡ, ಆಮೇಲೆ ನವಿಲು. ಹತ್ತು ವರ್ಷ ಅಲ್ಲಿ ಮೇಕೆಗಳ ಹೊರತು ಯಾರೂ ಓಡಾಡಲಿಲ್ಲ. ಆಮೇಲೆ ದಪ್ಪ ಟೈರಿನ ಸೈಕಲ್ಲುಗಳು ಬಂದವು.

ಶಹರದ ಯಾರೋ ಒಬ್ಬರು ದಿಬ್ಬದ ಇಳಿಜಾರು ನೋಡಿ ಮೆಚ್ಚಿ ಹೋಗಿದ್ದರು. ಸರಕಾರದ ಒಂದು ಆಫೀಸು ಒಪ್ಪಿತು. ದಿಬ್ಬಗಳ ಮೇಲೆ ಹಾವಿನ ಹಾಗೆ ಸೈಕಲ್ ದಾರಿಗಳನ್ನು ಕಡಿದರು. ಸಲಿಕೆ ಹಿಡಿದು ಕಡಿದವರಲ್ಲಿ ನಂದಾ ಮೊದಲಿಗಳು. ಸೈಕಲ್ಲಿನ ಮೇಲೆ ಕೂತರೆ ಅವಳನ್ನು ಹಿಡಿಯುವವರಿರಲಿಲ್ಲ. ದಾರಿಯ ಉಸ್ತುವಾರಿಯನ್ನು ಅವಳಿಗೇ ವಹಿಸಿದರು. ಗಣಿ ಮುಚ್ಚಿದ ಊರಿನಲ್ಲಿ ಒಬ್ಬ ಹೆಣ್ಣುಮಗಳಿಗೆ ತನ್ನದೇ ಅನ್ನುವ ಕೆಲಸ ಸಿಕ್ಕಿತ್ತು.

ಅವಳಿಗೆ ಒಂದು ಚಿಂತೆ ಇತ್ತು. ಮೇಲೆ ಹೋದವರೆಲ್ಲ ಇಳಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅವಳು ಗುಜರಿ ಅಂಗಡಿಗೆ ಹೋಗಿ ಹಳೆಯ ಹಾಜರಿ ಹಲಗೆಯ ಒಂದು ತುಂಡು ಹುಡುಕಿ ತಂದಳು. ನೂರಾ ಒಂದರಿಂದ ನೂರಾ ಐವತ್ತರವರೆಗಿನ ಮೊಳೆಗಳಿದ್ದ ತುಂಡು. ಬಿಲ್ಲೆಗಳೂ ಮೂವತ್ತು ಚಿಲ್ಲರೆ ಸಿಕ್ಕವು. ಹತ್ತುವ ಮುಂಚೆ ಸವಾರರು ಒಂದು ಬಿಲ್ಲೆ ಮೊಳೆಗೆ ಹಾಕಿಸಬೇಕು, ಇಳಿದ ಮೇಲೆ ಇಸಿದುಕೊಳ್ಳಬೇಕು ಎಂದು ನಿಯಮ ಮಾಡಿದಳು. ಆಮೇಲೆ ಜಗದೇವಿಯ ಮನೆಗೆ ಬಂದು, ಅತ್ತಿ, ನಿನ್ನ ಕಿಟಕಿ ಮತ್ತ ತೆರದೀನಿ, ಬಂದು ಕೂಡು ಎಂದಳು.

ಜಗದೇವಿಗೆ ಅರವತ್ತು ಸಮೀಪಿಸಿತ್ತು. ಬೇಡವೆನ್ನಲು ಕಾರಣ ಸಿಗಲಿಲ್ಲ. ತಗಡಿನ ಕೋಣೆಯೊಳಗೆ ಮತ್ತೆ ಸ್ಟೂಲಿನ ಮೇಲೆ ಕೂತಳು. ಸಂಚಿಯ ಬಾಯಿಯಿಂದ ನಾನು ನನ್ನ ಹಲಗೆಯನ್ನು ನೋಡಿದೆ. ನನ್ನ ಮೊಳೆ ಖಾಲಿ ಇತ್ತು. ಇದೊಂದು ಎಲ್ಲಿ ಹೋಯಿತೋ ಎಂದಳು ನಂದಾ, ನೂರಾ ನಲವತ್ತೇಳನ್ನು ಮುಟ್ಟುತ್ತ. ಅದು ತನ್ನ ಅಪ್ಪನ ನಂಬರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಪ್ಪನ ಯಾವುದನ್ನೂ ಅವಳು ಕೇಳುತ್ತಿರಲಿಲ್ಲ.

ಜಗದೇವಿಗೆ ಈ ಸೈಕಲ್ಲಿನವರ ಮೇಲೆ ಕಿಂಚಿತ್ತೂ ನಂಬಿಕೆ ಬರಲಿಲ್ಲ. ಬೀಳುವುದಕ್ಕೆಂದೇ ಹತ್ತುವವರು ಇವರೆಂಥ ಜನ? ಮೊಣಕಾಲಿಗೆ ಕವಚ, ತಲೆಗೆ ಟೋಪಿ, ಅಂದರೆ ಇವರಿಗೇ ತಮ್ಮ ಮೇಲೆ ನಂಬಿಕೆಯಿಲ್ಲ. ದಿಬ್ಬವನ್ನೂ ಅವಳು ನಂಬಲಿಲ್ಲ. ಪಡುವಣ ದಿಬ್ಬಕ್ಕೆ ಮಾತ್ರ ದಾರಿ ಬೇಡ ಎಂದು ನಂದಾಳಿಗೆ ಮೂರು ಸಲ ಹೇಳಿದಳು. ಯಾಕೆ ಎಂದರೆ ನೆಲ ಗಟ್ಟಿಯಿಲ್ಲ ಎಂದಳು. ಇಂಜಿನಿಯರು ಬಂದು ನೆಲ ಗಟ್ಟಿ ಇದೆ ಎಂದ ಮೇಲೆ ನಂದಾ ಅಲ್ಲಿಯೇ ಎಲ್ಲಕ್ಕಿಂತ ಚೆಂದದ ಇಳಿಜಾರು ಮಾಡಿದಳು. ಅಲ್ಲಿ ಇಳಿಯುವಾಗ ಸವಾರರು ಖುಷಿಯಿಂದ ಕೇಕೆ ಹಾಕುತ್ತಿದ್ದರು. ಒಂದೊಂದು ಕೇಕೆಗೂ ಜಗದೇವಿಯ ಕೈ ಸಂಚಿಗೆ ಹೋಗುತ್ತಿತ್ತು. ಅದರ ಅಡಿಯಲ್ಲಿಯೇ ಇಟ್ಟಿಗೆ ಕಟ್ಟಿ ಮುಚ್ಚಿದ ಸುರಂಗವಿತ್ತು.

ಒಂದು ಭಾನುವಾರ ಶಹರದಿಂದ ಮೂವತ್ತು ಸವಾರರು ಸ್ಪರ್ಧೆಗೆ ಬಂದರು. ಆಫೀಸಿನ ದೊಡ್ಡ ಸಾಹೇಬರೂ ಬಂದರು. ಶಾಮಿಯಾನ, ಮೈಕು, ಬಹುಮಾನದ ಬಟ್ಟಲುಗಳು. ಸ್ಪರ್ಧೆ ಮಧ್ಯಾಹ್ನಕ್ಕೆ ಮುಗಿಯಿತು. ಒಬ್ಬ ಯುವಕ ಬಂದು ತನ್ನ ಬಿಲ್ಲೆಯನ್ನೂ ಗೆಳೆಯನದನ್ನೂ ಕೇಳಿದ. ಗೆಳೆಯ ಹಿಂದೆಯೇ ಬರುತ್ತಿದ್ದಾನೆ ಎಂದ.

ಜಗದೇವಿ ಅವನ ಬಿಲ್ಲೆಯನ್ನಷ್ಟೇ ಕೊಟ್ಟಳು. ಗೆಳೆಯನನ್ನೇ ಕಳಿಸು, ಮುಖ ನೋಡಬೇಕು ಎಂದಳು. ಯುವಕ ನಕ್ಕ, ಆಮೇಲೆ ರೇಗಿದ, ಆಮೇಲೆ ಬಿಲ್ಲೆ ನಿನ್ನ ಹತ್ತಿರವೇ ಇಟ್ಟುಕೋ ಎಂದು ಹೋಗಿಬಿಟ್ಟ. ಅರ್ಧ ಗಂಟೆಯಾದರೂ ಗೆಳೆಯ ಬರಲಿಲ್ಲ. ಜಗದೇವಿ ಎದ್ದು ಕೋಣೆಯ ಮುಂದೆ ನೇತುಹಾಕಿದ್ದ ಹಳಿಯ ತುಂಡನ್ನು ಕಬ್ಬಿಣದಿಂದ ಬಡಿಯತೊಡಗಿದಳು. ಒಬ್ಬ ಮೇಲೆ ಉಳಿದಿದ್ದಾನೆ ಎಂದು ಕೂಗಿದಳು. ಮೈಕು ನಿಂತಿತು. ಬಹುಮಾನ ಹಂಚುವುದು ನಿಂತಿತು. ನಂದಾ ಮತ್ತು ಅವಳ ಜೊತೆಯವರು ಪ್ರತಿ ದಾರಿಯನ್ನೂ, ಪ್ರತಿ ಪೊದೆಯನ್ನೂ ಹುಡುಕಿದರು. ಸಾಹೇಬರು ಕೈಗಡಿಯಾರ ನೋಡಿ ನೋಡಿ ಕಾರು ಹತ್ತಿದರು.

ಮೂರು ಗಂಟೆಗೆ ಫೋನು ಸಿಕ್ಕಿತು. ಆ ಗೆಳೆಯ ಹಳ್ಳಿಯ ಕಡೆಯ ದಾರಿಯಿಂದ ಇಳಿದು, ಒಂದು ಮೆಸ್ಸಿನಲ್ಲಿ ಹೊಟ್ಟೆತುಂಬ ಉಂಡು, ತಮ್ಮ ವ್ಯಾನಿನಲ್ಲಿ ಮಲಗಿದ್ದ.

ಎಲ್ಲರೂ ನಕ್ಕರು. ಆ ಮುದುಕಿಯ ಜಾಗದಲ್ಲಿ ಒಂದು ಮಶಿನ್ ಇಡಿ, ಇಲ್ಲದಿದ್ದರೆ ಉಸ್ತುವಾರಿ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಸಾಹೇಬರು ಫೋನಿನಲ್ಲಿ ನಂದಾಳಿಗೆ ಹೇಳಿದರು. ಶಾಮಿಯಾನ ಬಿಚ್ಚಿ, ಜನ ಚದುರಿದ ಮೇಲೆ ನಂದಾ ಕಿಟಕಿಗೆ ಬಂದಳು. ತೋಳುಗಳ ತುಂಬ ಮುಳ್ಳು ಗೀರಿದ ಗೆರೆಗಳು. ದನಿ ಎತ್ತರಿಸಲಿಲ್ಲ.

"ಒಬ್ಬರ ಮಾತರೇ ನಂಬಲಾಕ ಬರಂಗಿಲ್ಲೇನು ನಿಂಗ? ಹುಟ್ಟಿದಾಗಿಂದ ಹಿಂಗೇ ಅದಿ?"

ಜಗದೇವಿ ಹಲಗೆಯ ಖಾಲಿ ಮೊಳೆಯನ್ನು ನೋಡಿದಳು. ಆಮೇಲೆ ಸಂಚಿಯೊಳಗೆ ಕೈ ಹಾಕಿ ನನ್ನನ್ನು ಹೊರಗೆ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಇಪ್ಪತ್ತಾರು ವರ್ಷಗಳ ಮೇಲೆ ನನಗೆ ಬಿಸಿಲು ತಾಗಿತು.

"ಒಮ್ಮಿ ನಂಬೀನಿ," ಎಂದಳು. "ಇದು ನಿಮ್ಮಪ್ಪಂದು."

ಎಲ್ಲವನ್ನೂ ಹೇಳಿದಳು. ಲಾಲಪ್ಪ ಬಂದದ್ದು, ತಾನು ಕೊಟ್ಟದ್ದು, ಎಲ್ಲರೂ ಬಂದಿದ್ದಾರೆ ಎಂದದ್ದು, ಮರುದಿನ ಎರಡು ಸಲ ಎದ್ದು ಎರಡು ಸಲ ಕೂತದ್ದು. ತಂಗಿಯ ನಿಶ್ಚಯದ ಮಾತು ಎತ್ತಲಿಲ್ಲ. ಅದಕ್ಕಾಗಿ ಅವಳ ಮೇಲೆ ನನಗೆ ಮೊದಲ ಸಲ ಸ್ವಲ್ಪ ಗೌರವ ಬಂತು.

ನಂದಾ ಕೇಳಿಸಿಕೊಂಡಳು. ಅವಳ ಮುಖದಲ್ಲಿ ನಾನು ಸಿಟ್ಟನ್ನು ಹುಡುಕಿದೆ. ಇರಲಿಲ್ಲ, ಅಥವಾ ಇನ್ನೂ ಬಂದಿರಲಿಲ್ಲ.

"ಅಂವ ಓಡಿ ಹೋಗಿಲ್ಲಾ?"

"ಇಲ್ಲ."

"ಎಲ್ಲಿ?"

ಜಗದೇವಿ ಕೈ ಎತ್ತಿ ಪಡುವಣ ದಿಬ್ಬವನ್ನು ತೋರಿಸಿದಳು. ಬೆಳಗ್ಗೆಯಿಂದ ಮೂವತ್ತು ಸೈಕಲ್ಲು ಕೇಕೆ ಹಾಕಿ ಇಳಿದಿದ್ದ ಜಾಗ.

"ಅವ್ವ ಸಾಯೂತನಕ ಬಾಗಿಲ ಕಡೀನೇ ನೋಡಿದಳು," ಎಂದಳು ನಂದಾ. "ನಾ ಅಕಿ ಮ್ಯಾಲೇ ಸಿಟ್ಟಾಗ್ತಿದ್ದೆ. ಬಿಟ್ಟು ಹೋದಂವನ ದಾರಿ ಏನ್ ನೋಡ್ತಿ ಅಂತ."

ಆಮೇಲೆ ನನ್ನನ್ನು ಎತ್ತಿಕೊಂಡಳು. ಅಂಗೈ ಬೆಚ್ಚಗಿತ್ತು. ಆ ಬಿಸಿ ನನಗೆ ಗೊತ್ತಿತ್ತು. ಹೆಬ್ಬೆರಳಿನಿಂದ ಸೊಟ್ಟ ಏಳರ ಮೇಲಿನ ಸುಣ್ಣ ಉಜ್ಜಿದಳು. ಮತ್ತೆ ಕಿಟಕಿಯೊಳಗೆ ಸರಿಸಿದಳು.

"ಹಾಕ್ಕೊ," ಎಂದು ಸೈಕಲ್ ಹತ್ತಿದಳು.

ಜಗದೇವಿ ನನ್ನನ್ನು ನನ್ನ ಮೊಳೆಗೆ ಹಾಕಿದಳು. ನಂದಾ ದಿಬ್ಬದ ತಿರುವಿನಲ್ಲಿ ಮರೆಯಾದಳು. ಬಿಸಿಲು ಇಳಿಯತೊಡಗಿತು. ಜಗದೇವಿ ಅಡಿಕೆ ತಿನ್ನಲಿಲ್ಲ, ನೀರು ಕುಡಿಯಲಿಲ್ಲ. ಈ ಹುಡುಗಿ ವಾಪಸು ಬರುತ್ತಾಳೋ, ಬೇರೆ ದಾರಿಯಿಂದ ಇಳಿದು ನೇರ ಮನೆಗೆ ಹೋಗುತ್ತಾಳೋ, ಇನ್ನೇನಾದರೂ ಮಾಡಿಕೊಳ್ಳುತ್ತಾಳೋ? ನನಗೂ ಅದೇ ಅನುಮಾನ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಭಾರವಾಗಿ ಯಾವತ್ತೂ ನೇತಾಡಿರಲಿಲ್ಲ.

ಸೂರ್ಯ ಸುಬಾಬುಲ್ ಗಿಡಗಳ ಹಿಂದೆ ಕೆಂಪಾಗುವ ಹೊತ್ತಿಗೆ ಸೈಕಲ್ಲಿನ ಸದ್ದು ಕೇಳಿಸಿತು. ನಂದಾ ಇಳಿದು, ಸೈಕಲ್ಲನ್ನು ತಗಡಿಗೆ ಒರಗಿಸಿ, ಕಿಟಕಿಯ ಮುಂದೆ ಬಂದು ನಿಂತಳು. ತಲೆಯ ಟೋಪಿ ತೆಗೆದಳು. ಕಣ್ಣು ಊದಿತ್ತು, ಮೊಣಕಾಲಿನಲ್ಲಿ ಕರಿಯ ಮಣ್ಣಿತ್ತು. ಜಗದೇವಿ ಕೇಳುವ ಮುಂಚೆಯೇ ತನ್ನ ಮುಖವನ್ನು ಕಿಟಕಿಗೆ ಹತ್ತಿರ ತಂದಳು.

ಜಗದೇವಿ ನನ್ನನ್ನು ಮೊಳೆಯಿಂದ ತೆಗೆದು ಅವಳತ್ತ ಚಾಚಿದಳು. ನಂದಾ ತೆಗೆದುಕೊಳ್ಳಲಿಲ್ಲ.

"ಅದು ನಂದಲ್ಲ. ಅಪ್ಪ ಇನ್ನೂ ಮ್ಯಾಲ ಬಂದಿಲ್ಲ. ಮೊಳಿಗೇ ಇರಲಿ."

ಹೊರಡಲು ತಿರುಗಿದವಳು ನಿಂತಳು. ನಾಳೆ ಶಹರದ ಗಣಿ ಆಫೀಸಿಗೆ ಹೋಗೋಣ, ನನಗೆ ಹೇಳಿದ್ದನ್ನೇ ಅಲ್ಲಿಯೂ ಹೇಳು, ಬರೆದುಕೊಳ್ಳಲಿ ಎಂದಳು. ಅದರಲ್ಲಿ ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಜಗದೇವಿ ಬರ್ತೀನಿ ಎಂದಳು. ನಾನು ನಂಬಲಿಲ್ಲ. ಆದರೆ ಮರುದಿನ ಸಂಜೆಯತನಕ ಕಿಟಕಿ ಮುಚ್ಚಿಯೇ ಇತ್ತು. ಮುಖ್ಯ ದಾರಿಯಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದರೆಂದು ಆಮೇಲೆ ಮೇಕೆ ಕಾಯುವವನ ಬಾಯಿಂದ ತಿಳಿಯಿತು. ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತಂತೆ.

ಆಫೀಸಿನ ಕಾಗದ ಇನ್ನೂ ಓಡಾಡುತ್ತಿದೆ. ಕಾಗದವನ್ನು ನಂಬಬೇಕೋ ಬೇಡವೋ ನನಗೆ ತಿಳಿಯದು. ಓಡಿಹೋದ ಎನ್ನುವ ಮಾತು ಒಂದು ದಿನ ಅಳಿಯಬಹುದು. ನಂದಾ ಪಡುವಣ ದಾರಿಯನ್ನು ತಾನೇ ಸಲಿಕೆ ಹಿಡಿದು ಪಕ್ಕಕ್ಕೆ ತಿರುಗಿಸಿದಳು. ಇಂಜಿನಿಯರು ಯಾಕೆಂದು ಕೇಳಿದ. ಅಲ್ಲಿ ಒಬ್ಬರಿದ್ದಾರೆ ಎಂದಳಂತೆ. ಸ್ಪರ್ಧೆಗೆ ಈಗ ಸಾಹೇಬರು ಹೇಳಿದ ಮಶಿನ್ ಬಂದಿದೆ, ಸವಾರರ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಬಿಲ್ಲೆಗಳು ಯಾರಿಗೂ ಬೇಡ. ಆದರೂ ಜಗದೇವಿ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಇಳಿದು ಬಂದವರು ಅವಳಿಗೆ ಮುಖ ತೋರಿಸಿ ಹೋಗಬೇಕು, ಇದು ನಂದಾಳ ಕಟ್ಟಪ್ಪಣೆ. ಮಧ್ಯಾಹ್ನದ ತಾಟನ್ನು ಈಗ ನಂದಾ ತಂದಿಡುತ್ತಾಳೆ, ಮಾತಾಡದೆ.

ನನಗೆ ವಯಸ್ಸಾಗಿದೆ. ತೂತು ಸವೆದು ಅಗಲವಾಗಿದೆ. ಹಲಗೆಯ ಮೇಲೆ ಈಗ ನಾನೊಬ್ಬನೇ. ಯಾರೂ ನನ್ನನ್ನು ಇಳಿಸುವುದಿಲ್ಲ. ಬಹಳ ವರ್ಷ ನನ್ನ ಖಾಲಿ ಮೊಳೆ ಒಂದು ಸುಳ್ಳು ಹೇಳುತ್ತಿತ್ತು, ಆ ಸುಳ್ಳನ್ನು ಎಲ್ಲರೂ ನಂಬಿದರು. ಈಗ ಗಾಳಿ ಬೀಸಿದರೆ ನಾನು ಹಲಗೆಗೆ ತಾಗಿ ಸಣ್ಣಗೆ ಸದ್ದು ಮಾಡುತ್ತೇನೆ. ಕೆಲವು ಸಲ ಒಂದು, ಕೆಲವು ಸಲ ಮೂರು. ಜಗದೇವಿ ತಿರುಗಿ ನೋಡುತ್ತಾಳೆ. ಕೆಳಗೊಬ್ಬ ಮನುಷ್ಯನಿದ್ದಾನೆ. ನಾನು ಹೇಳುತ್ತಿರುವುದು ಅಷ್ಟೇ.